ರಟ್ಟೆಗೆ ಚುಚ್ಚಿದರೆ ಕಂಕುಳಲ್ಲಿ ಗಂಟು ಯಾಕೆ?

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಮೂರನೇ ದಿನ, ಸ್ನಾನ ಮಾಡುವಾಗ ಕಂಕುಳಲ್ಲಿ ಏನೋ ಕೈಗೆ ಸಿಕ್ಕಿತು. ಅವರೆಕಾಳಿನಷ್ಟು. ಒತ್ತಿದರೆ ಸಣ್ಣ ನೋವು. ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಅದು ದುಗ್ಧಗ್ರಂಥಿ (ಲಿಂಫ್ ನೋಡ್), ಅಂದರೆ ರೋಗದ ವಿರುದ್ಧ ಹೋರಾಡುವ ಕೋಶಗಳು ಸೇರುವ ಜಾಗ. ಒಳಗೆ ಕೆಲಸ ಶುರುವಾಗಿತ್ತು, ಅಷ್ಟೇ.

ಮೊದಲು ಸರಕು ಬರುತ್ತದೆ. ಈ ಲಸಿಕೆಯಲ್ಲಿ ಇಡೀ ವೈರಸ್ ಇರುವುದಿಲ್ಲ. ಅದರ ಹೊರಮೈಯ ಪ್ರೋಟೀನು ಮಾತ್ರ, ಅದೂ ಸಾಮಾನ್ಯವಾಗಿ ಯೀಸ್ಟ್‌ನಲ್ಲಿ ತಯಾರಾದದ್ದು. ಸ್ವಲ್ಪ ಭಾಗ ದುಗ್ಧರಸದ (ಗ್ರಂಥಿಗಳಿಗೆ ಹರಿಯುವ ದ್ರವ) ಜೊತೆ ತಾನಾಗಿಯೇ ಕಂಕುಳಿಗೆ ಹರಿಯುತ್ತದೆ, ಸ್ವಲ್ಪವನ್ನು ಕಾವಲುಗಾರರಂತಿರುವ ಡೆಂಡ್ರಿಟಿಕ್ ಕೋಶಗಳು ಹೊತ್ತು ತರುತ್ತವೆ. ಮಗುವಿನ ತೊಡೆಗೆ ಚುಚ್ಚಿದರೆ ಈ ಕೆಲಸ ತೊಡೆಸಂದಿನ ಗ್ರಂಥಿಯದು.

ಗ್ರಂಥಿಯಲ್ಲಿ ಲಕ್ಷಗಟ್ಟಲೆ ಬಿ ಕೋಶಗಳಿವೆ, ಪ್ರತಿಕಾಯ (ರೋಗಾಣುವಿಗೆ ಅಂಟುವ ಪ್ರೋಟೀನು) ತಯಾರಿಸುವವು ಇವೇ. (‘ಬಿ’ ಬಂದದ್ದು ಕೋಳಿಯ ‘ಬರ್ಸಾ’ ಎಂಬ ಅಂಗದಿಂದ.) ಹೆಚ್ಚಿನವಕ್ಕೆ ಈ ಪ್ರೋಟೀನು ಅಂಟುವುದೇ ಇಲ್ಲ. ಅಂಟಿದ ಕೋಶ ಅದನ್ನು ನುಂಗಿ, ಒಂದು ಚೂರನ್ನು ಮೈಮೇಲಿಟ್ಟು ಟಿ ಕೋಶಕ್ಕೆ (ಇನ್ನೊಂದು ಬಗೆಯ ರಕ್ಷಣಾ ಕೋಶ) ತೋರಿಸುತ್ತದೆ. ಬ್ಯಾಂಕ್ ಲಾಕರ್‌ಗೆ ಎರಡು ಕೀಲಿ ಬೇಕಲ್ವಾ, ಹಾಗೆ. ಟಿ ಕೋಶ ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ.

ಆಗ ಕೆಲವು ಬಿ ಕೋಶಗಳು ತಕ್ಷಣಕ್ಕೆ ಪ್ರತಿಕಾಯ ತಯಾರಿಸುತ್ತವೆ. ಅದು ತುರ್ತಿನ ಸರಕು, ಹಿಡಿತ ಅಷ್ಟಕ್ಕಷ್ಟೇ. ಉಳಿದವು ಗ್ರಂಥಿಯೊಳಗೇ ಗುಂಪು ಕಟ್ಟುತ್ತವೆ. ಒಂದು ವಾರದ ಹೊತ್ತಿಗೆ ಜರ್ಮಿನಲ್ ಸೆಂಟರ್, ಅಂದರೆ ಬಿ ಕೋಶಗಳನ್ನು ಪಳಗಿಸುವ ಗರಡಿ, ಸಿದ್ಧ.

ನನಗೆ ಸೋಜಿಗ ಅನ್ನಿಸುವುದು ಇದೇ ಜಾಗ. ಇದಕ್ಕೆ ಎರಡು ಮಗ್ಗುಲು, ಒಂದು ಕತ್ತಲು, ಇನ್ನೊಂದು ಬೆಳಕು. ಕತ್ತಲ ಮಗ್ಗುಲಲ್ಲಿ ಕೋಶಗಳು 6ರಿಂದ 12 ಗಂಟೆಗೊಮ್ಮೆ ಒಡೆದು ಎರಡಾಗುತ್ತವೆ. ಹಾಗೆ ಒಡೆಯುವಾಗ ಪ್ರತಿಕಾಯದ ಜೀನಿನಲ್ಲಿ ಬೇಕಂತಲೇ ತಪ್ಪು ಮಾಡುತ್ತವೆ! ಜೀನಿನ ತಪ್ಪು ಅಂದರೆ ಹೆದರುವ ದೇಹ ಇಲ್ಲಿ ಮಾತ್ರ ಅದನ್ನು ಕರೆದು ಕೂರಿಸುತ್ತದೆ. ಆಮೇಲೆ ಬೆಳಕಿನ ಮಗ್ಗುಲಲ್ಲಿ ಒರೆಗಲ್ಲಿನ ಪರೀಕ್ಷೆ. ಅಲ್ಲಿನ ಕೋಶಗಳ ಕವಲುಗಳಲ್ಲಿ ಲಸಿಕೆಯ ಪ್ರೋಟೀನು ನೇತಾಡುತ್ತಿರುತ್ತದೆ. ಗಟ್ಟಿಯಾಗಿ ಹಿಡಿದ ಬಿ ಕೋಶ ಅದನ್ನು ಜಾಸ್ತಿ ಕಿತ್ತುಕೊಂಡು, ಟಿ ಕೋಶದ ನೆರವು ಪಡೆದು, ಮತ್ತೆ ಕತ್ತಲಿಗೆ ಹೋಗುತ್ತದೆ. ಸೋತದ್ದು ಅಲ್ಲೇ ಸಾಯುತ್ತದೆ. ಹೀಗೆ ಸುತ್ತಿನ ಮೇಲೆ ಸುತ್ತು.

ಎಷ್ಟು ದಿನ? ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಫೈಜರ್ ಕೋವಿಡ್ ಲಸಿಕೆ ಪಡೆದವರ ಕಂಕುಳ ಗ್ರಂಥಿಗೆ ಸಂಶೋಧಕರು ಸೂಜಿ ಹಾಕಿ ನೋಡಿದರು. ಎರಡನೇ ಡೋಸ್ ಆಗಿ 12 ವಾರ ಕಳೆದರೂ ಕೆಲಸ ನಡೆಯುತ್ತಲೇ ಇತ್ತು. 2021ರ ಮಾತು.

ಗೆದ್ದ ಕೋಶಗಳಲ್ಲಿ ಕೆಲವು ಮೂಳೆಯ ಮಜ್ಜೆಗೆ ಹೋಗಿ ವರ್ಷಗಟ್ಟಲೆ ಪ್ರತಿಕಾಯ ಸುರಿಸುತ್ತವೆ. ಕೆಲವು ನೆನಪಿನ ಕೋಶಗಳಾಗಿ ಕಾಯುತ್ತವೆ.

ಹೆಪಟೈಟಿಸ್ ಬಿ ಡೋಸ್‌ಗಳು ದೊಡ್ಡವರಿಗೆ ಸಾಮಾನ್ಯವಾಗಿ 0, 1, 6ನೇ ತಿಂಗಳಿಗೆ. “ಸಿಸ್ಟರ್, ಊರಿಗೆ ಹೋಗೋದಿದೆ, ಮೂರನೇ ತಿಂಗಳಿಗೇ ಹಾಕಿಬಿಡಿ” ಅಂದೆ. “ಆಗಲ್ಲ ಸರ್” ಅಂದರು. ಸುಮ್ನೆ ಹಟ ಅಂದುಕೊಂಡಿದ್ದೆ. ನೆನಪಿನ ಕೋಶಗಳು ಹದಕ್ಕೆ ಬಂದ ಮೇಲೆ ಕೊಟ್ಟ ಡೋಸ್‌ಗೇ ಪ್ರತಿಕಾಯ ಜೋರಾಗಿ ಏರುವುದು. ತಡವಾದರೆ ಮೊದಲಿಂದ ಶುರುಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿಕೊಂಡರೆ ಸಾಕು.

ಗಂಟು ಹತ್ತು ದಿನಕ್ಕೆ ಕರಗಿತು. ನಿಮ್ಮದು ಕೆಲವು ವಾರವಾದರೂ ಹೋಗದಿದ್ದರೆ, ಅಥವಾ ಬೆಳೆಯುತ್ತಿದ್ದರೆ, ಡಾಕ್ಟರಿಗೆ ತೋರಿಸಿ.