ಸಂಚಕಾರ ಪತ್ರ ಹಿಡಿದು ರೋಮ್ ಒಪ್ಪಂದ ಕಲಿಸಿದ್ದು

ಹುಬ್ಬಳ್ಳಿ ಕೋರ್ಟಿನಲ್ಲಿ ನಾನು ನಡೆಸುವವು ಹೆಚ್ಚಾಗಿ ಜಮೀನಿನ ದಾವೆಗಳು. ವಾರಕ್ಕೆರಡು ದಿನ ಮುಂಜಾನೆ ಕಾನೂನು ವಿದ್ಯಾರ್ಥಿಗಳಿಗೆ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತೇನೆ. ಮೊದಲ ವರ್ಷ, ಯುದ್ಧಾಪರಾಧ, ಜನಾಂಗಹತ್ಯೆಯಂಥ ಅಪರಾಧ ಮಾಡಿದ ವ್ಯಕ್ತಿಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹುಟ್ಟಿದ ರೋಮ್ ಒಪ್ಪಂದದ ಕಲಮುಗಳನ್ನು ಕನ್ನಡಕ್ಕಿಳಿಸಿ ನೋಟ್ಸ್ ಕೊಟ್ಟಿದ್ದೆ. 120ನೇ ಕಲಮಿಗೆ ‘ಮೀಸಲಾತಿ ಇಲ್ಲ’ ಎಂದು ಬರೆದಿದ್ದೆ. ರೋಣದ ಕಡೆಯ ಹುಡುಗಿಯೊಬ್ಬಳು ಎದ್ದು, “ಸರ, ಯಾವ ವರ್ಗದವರಿಗೆ ಇಲ್ರಿ?” ಎಂದಳು. ಯಾರೂ ನಗಲಿಲ್ಲ. ಎಲ್ಲರೂ ಹಾಗೇ ಓದಿಕೊಂಡಿದ್ದರು.

ಅಲ್ಲಿಗೆ ಆ ನೋಟ್ಸ್ ಬದಿಗಿಟ್ಟೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ರಿಸರ್ವೇಶನ್’ ಎಂದರೂ ಇಲ್ಲಿ ಅದು ಮೀಸಲಾತಿಯಲ್ಲ, ‘ಇದೊಂದು ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ’ ಎನ್ನುವ ತಕರಾರು. 1959ರಲ್ಲಿ ಜನಾಂಗಹತ್ಯೆ ಒಪ್ಪಂದವನ್ನು ಅನುಮೋದಿಸುವಾಗ ಭಾರತ ಹಾಗೆ ಮಾಡಿತ್ತು: ನಮ್ಮ ಒಪ್ಪಿಗೆಯಿಲ್ಲದೆ ಆ ಒಪ್ಪಂದದ ವ್ಯಾಜ್ಯವನ್ನು ದೇಶ-ದೇಶಗಳ ನಡುವಿನ ವ್ಯಾಜ್ಯ ನೋಡುವ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ ಎಂದು. ರೋಮ್ ಒಪ್ಪಂದದಲ್ಲಿ ಅಂಥದ್ದಕ್ಕೆ ಜಾಗವಿಲ್ಲ.

ಮರುವಾರ ಹಳೇ ಕೇಸಿನ ಸಂಚಕಾರ ಪತ್ರದ, ಅಂದರೆ ಮುಂಗಡ ಕೊಟ್ಟು ಹೊಲ ಕೊಳ್ಳಲು ಮಾಡಿಕೊಂಡ ಕರಾರಿನ, ಝೆರಾಕ್ಸ್ ಒಯ್ದೆ, ಹೆಸರುಗಳನ್ನೆಲ್ಲ ಮಸಿಯಿಂದ ಮುಚ್ಚಿ. ಸಂಚಕಾರ ಆದಮೇಲೂ ಹೊಲ ನಿಮ್ಮದಲ್ಲ. ಆದರೆ ಮಾಲಕ ಅದನ್ನು ಇನ್ನೊಬ್ಬರಿಗೆ ಮಾರಿ ಮಾತು ಕೆಡಿಸುವಂತಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ದೇಶದ ಸ್ಥಿತಿಯೂ ಅಷ್ಟೆ. ಸದಸ್ಯ ದೇಶವಾಗಲು, ಖರೀದಿ ಪತ್ರ ನೋಂದಣಿಯಾದ ಹಾಗೆ, ಅನುಮೋದನೆಯ ಪತ್ರ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ಬಳಿ ಸಲ್ಲಿಕೆಯಾಗಬೇಕು. ಹಳ್ಳಿಯಿಂದ ಬಂದ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕಾಯಿತು. ಮನೆಯಲ್ಲಿ ಇಂಥ ಕಾಗದ ನೋಡದವರು ಕಡಿಮೆ.

ಆಮೇಲೆ ಒಂದೇ ದೇಶ ಹಿಡಿದೆ, ಉಕ್ರೇನ್. ಸಹಿ ಹಾಕಿದ್ದು 2000ರ ಜನವರಿ 20ಕ್ಕೆ, ಅನುಮೋದನೆ ಸಲ್ಲಿಸಿದ್ದು 2024ರ ಅಕ್ಟೋಬರ್ 25ಕ್ಕೆ. ನಡುವೆ 24 ವರ್ಷ! ಸಲ್ಲಿಸಿದ ದಿನವೇ ಸದಸ್ಯತ್ವ ಬರುವುದಿಲ್ಲ. 60ನೇ ದಿನ ಕಳೆದು ಬರುವ ತಿಂಗಳ ಒಂದನೇ ತಾರೀಖು ಬೇಕು. ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹಾಸಿದೆವು. ಅಕ್ಟೋಬರಿನ 6, ನವೆಂಬರಿನ 30, ಡಿಸೆಂಬರಿನ 24. ಬೆರಳಿಟ್ಟು ಎಣಿಸಿದ ಹುಡುಗ 2025ರ ಜನವರಿ 1ಕ್ಕೆ ಬಂದು ನಿಂತ. ಉಕ್ರೇನ್ 125ನೇ ಸದಸ್ಯ ದೇಶವಾದದ್ದು ಅಂದೇ.

ತಿದ್ದುಪಡಿಯ ತೊಡಕೂ ಇದೇ ದೇಶದಿಂದ ಬಿಚ್ಚಿಕೊಂಡಿತು. ತಕರಾರಿಗೆ ಜಾಗವಿಲ್ಲ ಎಂದೆನಲ್ಲ, ಆದರೂ 124ನೇ ಕಲಮಿನಲ್ಲಿ ಒಂದು ರಿಯಾಯಿತಿ ಇದೆ: ಹೊಸದಾಗಿ ಸೇರುವ ದೇಶ ತನ್ನ ಪ್ರಜೆಗಳ ಯುದ್ಧಾಪರಾಧಗಳ ಮಟ್ಟಿಗೆ ಏಳು ವರ್ಷ ನ್ಯಾಯಾಲಯದ ಅಧಿಕಾರ ಒಪ್ಪದೆ ಇರಬಹುದು. ಆ ಕಲಮನ್ನೇ ತೆಗೆದುಹಾಕಲು ಸದಸ್ಯ ದೇಶಗಳು 2015ರಲ್ಲೇ ತಿದ್ದುಪಡಿ ಅಂಗೀಕರಿಸಿದ್ದವು. ಆದರೂ ಉಕ್ರೇನ್ 2024ರಲ್ಲಿ ಅದನ್ನು ಬಳಸಿಕೊಂಡಿತು. ಹೇಗೆಂದರೆ, ಇಂಥ ತಿದ್ದುಪಡಿಗೆ ಸದಸ್ಯರಲ್ಲಿ ಎಂಟರಲ್ಲಿ ಏಳು ಪಾಲು ದೇಶಗಳ ಅನುಮೋದನೆ ಬೇಕು. 125 ದೇಶಗಳಿದ್ದರೆ 110. ಅಷ್ಟು ಪತ್ರ ಸೇರಿ ಒಂದು ವರ್ಷ ಕಳೆದ ಮೇಲೆಯೇ ಅದು ಎಲ್ಲರಿಗೂ ಅನ್ವಯ. ಅಲ್ಲಿಯವರೆಗೆ ಹಳೇ ಕಲಮಿಗೇ ಜೀವ. ಅಪರಾಧಗಳ ಪಟ್ಟಿ, ಅಂದರೆ 5ರಿಂದ 8ನೇ ಕಲಮುಗಳನ್ನು ತಿದ್ದಿದರೆ ದಾರಿ ಬೇರೆ: ಒಪ್ಪಿದವರಿಗಷ್ಟೇ ಅನ್ವಯ, ಅದೂ ತಮ್ಮ ಪತ್ರ ಕೊಟ್ಟ ಒಂದು ವರ್ಷಕ್ಕೆ. ನ್ಯಾಯಕ್ಕಾಗಿ ಕಾದವರ ಕಣ್ಣಿಂದ ನೋಡಿದರೆ ಈ ನಿಧಾನ ಸಂಕಟ ತರುತ್ತದೆ. ಆದರೆ ಒಪ್ಪದವರ ಹೊಲಕ್ಕೆ ಹೊಸ ಬದು ಹಾಕಹೋದರೆ ಒಪ್ಪಂದವೇ ಉಳಿಯದು ಎಂಬುದೂ ನಿಜ.

ಭಾರತ 1998ರ ಜುಲೈ 17ರಂದು ರೋಮ್‌ನಲ್ಲಿ ಮತ ಹಾಕದೆ ತಟಸ್ಥವಾಗಿತ್ತು, ಸಹಿಯನ್ನೂ ಹಾಕಲಿಲ್ಲ. “ನಾಳೆ ನಮ್ಮ ಸರ್ಕಾರ ಸೇರತೀನಿ ಅಂದ್ರ?” ಎಂದು ಕೊನೆಯ ತರಗತಿಯಲ್ಲಿ ಕೇಳಿದೆ. ಸಹಿಗೆ ಅವಕಾಶವಿದ್ದದ್ದು 2000ರ ಡಿಸೆಂಬರ್ 31ರವರೆಗೆ.

ಅದೇ ರೋಣದ ಹುಡುಗಿ ಕೈ ಎತ್ತಿದಳು. “ಸಂಚಕಾರದ ಮುದ್ದತ್ತು ಮುಗದೈತ್ರಿ ಸರ. ಸೀದಾ ಖರೀದಿನ ಮಾಡಬೇಕು.” ಕ್ಯಾಲೆಂಡರ್ ತನ್ನತ್ತ ಎಳೆದುಕೊಂಡು, ಅಂದಿನ ತಾರೀಖಿನಿಂದ 60 ದಿನ ಎಣಿಸತೊಡಗಿದಳು.