ಎರಡು ಟೇಪು, ಮೂರು ಗೂಟ: ನಮ್ಮ ಸ್ಮಶಾನದ ರಿಜಿಸ್ಟರ್ ಸರಿಯಾದ ಕಥೆ

ಹೋದ ತಿಂಗಳು ಒಂದು ಮಣ್ಣು ಮಾಡುವ ಕೆಲಸ ಬಂತು. ಇಪ್ಪತ್ತೆರಡು ವರ್ಷದ ಹಿಂದೆ ತೀರಿಕೊಂಡ ಹೆಂಡತಿಯ ಪಕ್ಕದಲ್ಲೇ ಗಂಡನಿಗೆ ಜಾಗ. ಹಕ್ಕುಪತ್ರ ಮಗಳ ಕೈಯಲ್ಲಿತ್ತು. ಆದರೆ ತಾಯಿಯ ಗೋರಿಗೆ ಕಲ್ಲಿಲ್ಲ, ದಿಬ್ಬವೂ ಉಳಿದಿಲ್ಲ, ಬರೀ ಹುಲ್ಲು. ಹಳೇ ರಿಜಿಸ್ಟರ್‌ನಲ್ಲಿ ಇದ್ದದ್ದು ಒಂದೇ ಸಾಲು: "ಹದಿನಾಲ್ಕನೇ ಸಾಲು, ದೊಡ್ಡ ಮರದಿಂದ ಏಳನೆಯದು." ಆ ಮರ ನಾನು ಕೆಲಸಕ್ಕೆ ಸೇರುವ ಮೊದಲೇ ಬಿದ್ದುಹೋಗಿತ್ತು.

ನಾನು ಎರಡು ಖಾಯಂ ಗೂಟದಿಂದ, ನನ್ನ ಹಾಳೆಯಲ್ಲಿದ್ದ ಅಳತೆಗೆ, ಎರಡು ಟೇಪು ಎಳೆದೆ. ಅವು ಸೇರಿದ ಕಡೆ ಒಂದು ಗೂಟ ಹೊಡೆದು, "ಯಜಮಾನ್ರೇ, ಇದರ ಎಡಕ್ಕೆ ತೋಡಿ" ಅಂದೆ. ಮೂವತ್ತು ವರ್ಷದಿಂದ ಇದೇ ನೆಲದಲ್ಲಿ ಗುಂಡಿ ತೋಡಿದವರು ಅವರು. ಹಾರೆ ಊರಿಕೊಂಡು ನಿಂತು, "ಸಾರ್, ನನ್ನ ಕಾಲಿಗೆ ಗೊತ್ತಿಲ್ಲದ್ದು ನಿಮ್ಮ ಟೇಪಿಗೆ ಗೊತ್ತಾಗುತ್ತಾ?" ಅಂದರು. ಅವರ ಪ್ರಕಾರ ಜಾಗ ಇನ್ನೂ ಎರಡು ಹೆಜ್ಜೆ ಆಚೆ. ಕೊನೆಗೆ ನನ್ನ ಗೂಟದ ಪಕ್ಕದಲ್ಲೇ ತೋಡಿದರು. ಗುಂಡಿಯ ಒಂದು ಗೋಡೆ ಪೂರ್ತಿ ಗಟ್ಟಿ ಮಣ್ಣು. ಇನ್ನೊಂದು ಗೋಡೆಯಲ್ಲಿ ಒಂದು ಗೇಣು ಒಳಗೆ ಮೇಲ್ಮಣ್ಣು, ಕೆಳಮಣ್ಣು ಕಲಸಿದ ಹಳೇ ತೋಡು ಕಾಣಿಸಿತು. ಅಂದರೆ ತಾಯಿ ಎಲ್ಲಿರಬೇಕೋ ಅಲ್ಲೇ ಇದ್ದರು. ಯಜಮಾನ್ರು ಏನೂ ಮಾತಾಡಲಿಲ್ಲ. ಈ ಬರಹ ಆ ಮೌನದ ಖುಷಿಯಲ್ಲಿ ಬರೆಯುತ್ತಿರುವುದು ಅಂತ ಒಪ್ಪಿಕೊಂಡುಬಿಡುತ್ತೇನೆ.

ಮೊದಲು ಸೋತ ಕಥೆ. ನಾನು ಬಂದ ಎರಡನೇ ವರ್ಷ ಒಂದು ತಪ್ಪು ಗುಂಡಿ ತೋಡಿಸಿದೆ. ಸಾಲು ಎಣಿಸಿದ್ದು ಸರಿಯಾಗಿತ್ತು, ಆದರೆ ಎಣಿಸಲು ಶುರು ಮಾಡಿದ ತುದಿ ತಪ್ಪು. ಹಳಬರು ಗೇಟಿನ ಕಡೆಯಿಂದ ಎಣಿಸುತ್ತಿದ್ದರು, ಅವರ ನಂತರ ಬಂದವರು ಗೋಡೆ ಕಡೆಯಿಂದ. ರಿಜಿಸ್ಟರ್‌ನ ಒಂದೇ ಪುಟದಲ್ಲಿ ಎರಡೂ ಥರ ಇದೆ! ಬೇರೆಯವರು ದುಡ್ಡು ಕಟ್ಟಿದ್ದ ಜಾಗದಲ್ಲಿ ಮಣ್ಣು ಮಾಡಿ ಆಗಿತ್ತು. ಅವರಿಗೆ ಕಟ್ಟಿದ ಶುಲ್ಕ ವಾಪಸ್ಸು ಕೊಟ್ಟು, ಇನ್ನೊಂದು ಜಾಗ ಪುಕ್ಕಟೆ ಕೊಡಬೇಕಾಯಿತು. ಅದೇ ವರ್ಷ ಒಂದು ಕಲ್ಲು ಪಕ್ಕದ ಗೋರಿಯ ಮೇಲೆ ನಿಂತುಬಿಟ್ಟಿತು. ಅದನ್ನು ಕಿತ್ತು ಸರಿಯಾದ ಕಡೆ ನಿಲ್ಲಿಸಲು ಮೊದಲ ಕೂಲಿಯ ಎರಡರಷ್ಟು ಹೋಯಿತು. ಅಡಿಪಾಯ ಒಡೆಯುವಾಗ ಕಲ್ಲಿನ ಕೆಳಮೂಲೆ ಮುರಿಯಿತು, ಅದರ ಖರ್ಚು ಬೇರೆ. ಆ ಎರಡು ತಪ್ಪಿಗೆ ಸುರಿದ ದುಡ್ಡಲ್ಲಿ ಆಮೇಲೆ ಮಾಡಿದ ಇಡೀ ಅಳತೆ ಕೆಲಸ ಮುಗಿದು ಇನ್ನೂ ಮಿಗುತ್ತಿತ್ತು.

ಎಲ್ಲರೂ ಹೇಳಿದ್ದು ಒಂದೇ ಮಾತು: "ಫೋನ್ ಇದೆ, ಜಿಪಿಎಸ್ ಹಾಕಿ." ಹಾಕಿದೆ. ಒಂದು ವಾರ ಪ್ರತಿ ಗೋರಿಯ ಮುಂದೆ ನಿಂತು ಪಾಯಿಂಟ್ ಒತ್ತಿದೆ. ಮರುದಿನ ಅದೇ ಜಾಗಕ್ಕೆ ಹೋದರೆ ಫೋನ್ ಮೂರು ಗೋರಿ ಆಚೆ ನಿಲ್ಲಿಸುತ್ತಿತ್ತು. ಆಮೇಲೆ ಯೋಚಿಸಿದರೆ ನಗು ಬರುತ್ತದೆ. ಬಯಲಲ್ಲೂ ಫೋನಿನ ತಪ್ಪು ನಾಲ್ಕೈದು ಮೀಟರ್ ಇರುತ್ತದೆ, ಮರದ ಕೆಳಗೆ ಇನ್ನೂ ಜಾಸ್ತಿ. ಗೋರಿಯ ಅಗಲವೋ ಸುಮಾರು ನಾಲ್ಕು ಅಡಿ. ಒಂದು ವಾರ ದಂಡ.

ಮುಂದಿನ ಪ್ರಯೋಗ, ಪ್ರತಿ ಗೋರಿಗೂ ಒಂದೊಂದು ನಂಬರ್ ಗೂಟ. ಮರದ್ದು ಹಾಕಿದೆ, ಎರಡೇ ವರ್ಷದಲ್ಲಿ ಗೆದ್ದಲು ತಿಂದಿತು. ತಗಡಿನ ಬಿಲ್ಲೆ ಹಾಕಿದೆ, ಗುಜರಿಗೆ ಹೋಯಿತು. ಕಾಂಕ್ರೀಟ್ ಗೂಟ ಎರಕ ಹೊಯ್ದು ನೆಲದಿಂದ ಎರಡು ಇಂಚು ಮೇಲೆ ನಿಲ್ಲಿಸಿದೆ, ಹುಲ್ಲು ಕತ್ತರಿಸುವ ಮೆಷಿನ್ನಿನ ಬ್ಲೇಡು ಮುರಿಯಿತು. ಬ್ಲೇಡಿನ ಬಿಲ್ ನನ್ನ ಟೇಬಲ್ಲಿಗೇ ಬಂತು. ಈಗ ಗೂಟದ ತಲೆ ಮಣ್ಣಿನಿಂದ ಒಂದು ಇಂಚು ಕೆಳಗೆ ಇರುತ್ತದೆ. ಒಳಗೊಂದು ದಪ್ಪ ಬೋಲ್ಟ್ ಇಟ್ಟು ಎರಕ ಹೊಯ್ದಿದ್ದೇವೆ, ಲೋಹ ಹುಡುಕುವ ಯಂತ್ರ ಹಿಡಿದರೆ ಕೂಗುತ್ತದೆ. ಬೋಲ್ಟ್ ಯಾವ ಥರ ಕೂರಿಸಿದರೆ ಗೋರಿಯ ತಲೆ ಯಾವ ದಿಕ್ಕು ಅಂತಲೂ ಗೊತ್ತಾಗುತ್ತದೆ ಅನ್ನೋದನ್ನು ಮಾತ್ರ ನಾನು ಇಲ್ಲಿ ಬರೆಯಲ್ಲ. ಅಷ್ಟಕ್ಕೆ ಮೂರು ಮಳೆಗಾಲ ಕಳೆದಿದ್ದೇನೆ.

ಇನ್ನು ಟೇಪಿನ ವಿಷಯ. ಅಳತೆಗೆಂದೇ ಬೇರೆ ಮೂರು ಖಾಯಂ ಗೂಟ, ಪ್ರತಿ ಗೋರಿಯ ತಲೆಭಾಗಕ್ಕೆ ಎರಡು ಗೂಟದಿಂದ ಎರಡು ಅಳತೆ. ಇಷ್ಟೇ. ಇದರಲ್ಲಿ ಕಲಿಯೋದೇನಿದೆ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ನೂರು ಗೋರಿ ಅಳೆದು ಹಾಳೆ ಮೇಲೆ ಇಳಿಸಿದರೆ, ಹನ್ನೆರಡೋ ಹದಿಮೂರೋ ಗೋರಿ ಗೋಡೆಯಾಚೆ ರಸ್ತೆಯಲ್ಲಿ ಮಲಗಿದ್ದವು! ಎರಡು ಗೂಟ ಸೇರಿಸುವ ಗೆರೆಯ ಈ ಕಡೆಯೂ ಅದೇ ಅಳತೆ ಸೇರುತ್ತದೆ, ಆ ಕಡೆಯೂ ಸೇರುತ್ತದೆ. ಯಾವ ಕಡೆ ಅಂತ ಬರೆದಿರಲಿಲ್ಲ. ರಸ್ತೆಗೆ ಬಿದ್ದವನ್ನು ಹಿಡಿದೆ. ಒಳಗೇ ಅದಲು ಬದಲಾದವು ಎಷ್ಟಿದ್ದವೋ, ನೂರನ್ನೂ ಹರಿದುಹಾಕಿ ಮತ್ತೆ ಶುರು ಮಾಡಿದೆ. ಅಂದಿನಿಂದ ಮೂರನೇ ಗೂಟದ ಅಳತೆ ತಪ್ಪಿಸಿಲ್ಲ.

ಎರಡನೇ ಪೆಟ್ಟು ಇಳಿಜಾರಿನಲ್ಲಿ ಬಿತ್ತು. ನಮ್ಮ ಹಿಂಭಾಗ ಸುಮಾರು ಹದಿನೈದು ಡಿಗ್ರಿ ಇಳಿಯುತ್ತದೆ. ನೆಲಕ್ಕೆ ಅಂಟಿಸಿ 20 ಮೀಟರ್ ಅಳೆದರೆ ನಕ್ಷೆಯಲ್ಲಿ ಅದು 19.3 ಮೀಟರ್ ಮಾತ್ರ. ಎಪ್ಪತ್ತು ಸೆಂಟಿಮೀಟರ್ ಅಂದರೆ ಅರ್ಧ ಗೋರಿಗಿಂತ ಜಾಸ್ತಿ. ಟೇಪನ್ನು ಮಟ್ಟಸವಾಗಿ ಎತ್ತಿ ಹಿಡಿದು, ತುಂಡು ತುಂಡಾಗಿ ತೂಗುಗುಂಡು ಇಳಿಸಿ ಅಳೆಯುವುದೇ ದಾರಿ. ನಿಧಾನ, ಬೆನ್ನು ನೋಯುತ್ತದೆ, ಆದರೆ ಸುಳ್ಳು ಹೇಳಲ್ಲ. ಬಟ್ಟೆ ಟೇಪು ಇದ್ದರೆ ಈಗಲೇ ಎಸೆಯಿರಿ, ಒದ್ದೆಯಾದರೆ ಒಂದು ಲೆಕ್ಕ, ಎಳೆದರೆ ಇನ್ನೊಂದು. ಫೈಬರ್ ಗ್ಲಾಸಿನದು ಸಾಕು. ಮತ್ತೆ ಎರಡು ಟೇಪು ತೀರಾ ಕಿರಿದಾದ ಕೋನದಲ್ಲಿ ಸೇರುವ ಹಾಗೆ ಗೂಟ ಆರಿಸಬೇಡಿ. ಅಲ್ಲಿ ಎರಡು ಸೆಂಟಿಮೀಟರ್ ತಪ್ಪು ಅಡಿಗಟ್ಟಲೆ ಆಗುತ್ತದೆ.

ಖಾಯಂ ಗೂಟ ಎಲ್ಲಿ ನೆಡಬೇಕು ಅಂತ ಬಹಳ ಜನ ಕೇಳುತ್ತಾರೆ. ಗೋಡೆ ಮೂಲೆ ಬೇಡ, ಗೋಡೆ ಜರುಗುತ್ತದೆ. ನಮ್ಮದನ್ನು ರಸ್ತೆ ಅಗಲ ಮಾಡಲು ಒಳಗೆ ತಳ್ಳಿ ಹೊಸದಾಗಿ ಕಟ್ಟಿದ್ದಾರೆ. ಮರ ಬೇಡ, ಕಾರಣ ಮೇಲೆ ಹೇಳಿದೆ. ಯಾರ ಕಲ್ಲೂ ಬೇಡ. ನಡೆದಾಡುವ ದಾರಿಯ ಅಂಚಲ್ಲಿ, ಯಾರನ್ನೂ ಎಂದೂ ಮಣ್ಣು ಮಾಡದ ಜಾಗದಲ್ಲಿ, ಆಳವಾಗಿ ನೆಡಿ.

ಹೆಚ್ಚು ಕಡಿಮೆ 2,300 ಗೋರಿ. ನಾನು ಮತ್ತು ಒಬ್ಬ ಹುಡುಗ. ದಿನಕ್ಕೆ ಇಪ್ಪತ್ತೈದರ ಹಾಗೆ, ಬಿಡುವಾದಾಗೆಲ್ಲ ಮಾಡಿ, ಹದಿನಾಲ್ಕು ತಿಂಗಳು ಹಿಡಿಯಿತು. ಹೊರಗಿನ ಸರ್ವೆಯವರು ಕೇಳಿದ ಮೊತ್ತ ನಮ್ಮ ಖರ್ಚಿನ ಆರೇಳು ಪಟ್ಟು ಇತ್ತು. ಅವರು ಕೊಡುತ್ತಿದ್ದದ್ದು ಚಂದದ ನಕ್ಷೆ. ಯಾರು ಎಲ್ಲಿದ್ದಾರೆ ಅನ್ನೋದನ್ನು ನಾನೇ ತುಂಬಬೇಕಿತ್ತು.

ಕಲ್ಲಿಲ್ಲದ ಗೋರಿಗಳೇ ತಲೆನೋವು. ಸಲಾಕೆ ಚುಚ್ಚಿ ನೋಡೋದು ನಿಮಗೆಲ್ಲ ಗೊತ್ತು, ತೋಡಿದ ಮಣ್ಣಲ್ಲಿ ಸರಾಗ ಇಳಿಯುತ್ತದೆ. ಒಂದು ಅಡಿ ಸಾಕು, ಆಳಕ್ಕೆ ಹೋಗಬೇಡಿ, ಅದು ಗೌರವದ ಮಾತು. ಸಲಾಕೆಗಿಂತ ನನಗೆ ಕೈಹಿಡಿದದ್ದು ಬೇಸಿಗೆ. ಎಲ್ಲ ಹುಲ್ಲು ಒಣಗಿದಾಗಲೂ ತೋಡಿದ ಮಣ್ಣು ತೇವ ಹಿಡಿದುಕೊಂಡಿರುತ್ತದೆ, ಅಲ್ಲಿ ಹುಲ್ಲು ಒಂದು ವಾರ ಜಾಸ್ತಿ ಹಸಿರಾಗಿರುತ್ತದೆ. ಬೆಳಗಿನ ಓರೆ ಬಿಸಿಲಲ್ಲಿ ಎತ್ತರದಿಂದ ನೋಡಿದರೆ ಸಾಲು ಸಾಲು ಆಯತ ಕಾಣುತ್ತವೆ. ಆ ತಾಯಿಯ ಗೋರಿ ಸಿಕ್ಕಿದ್ದು ಮಾತ್ರ ಮನೆಯವರ ಹಳೇ ಫೋಟೋದಿಂದ. ಜನ ಸುತ್ತ ನಿಂತಿದ್ದಾರೆ, ಹಿಂದೆ ಎರಡು ಕಲ್ಲು ಒಂದರ ಹಿಂದೆ ಒಂದು ಅರ್ಧ ಮುಚ್ಚಿಕೊಂಡಿವೆ. ಆ ಎರಡು ಕಲ್ಲು ಈಗಲೂ ಇವೆ. ಅವು ಅದೇ ರೀತಿ ಮುಚ್ಚಿಕೊಳ್ಳುವ ಜಾಗಕ್ಕೆ ಹೋಗಿ ನಿಂತರೆ ಫೋಟೋ ತೆಗೆದವನ ಕಾಲಿನ ಜಾಗ ಸಿಕ್ಕಿತು. ಅಲ್ಲಿಂದ ಗೋರಿಗೆ ಹೇಗೆ ಬಂದೆ ಅನ್ನೋದು ಇನ್ನೊಂದು ದಿನಕ್ಕೆ.

ಸವೆದ ಅಕ್ಷರ ಓದಲು ಒಂದು ಕನ್ನಡಿ ಇಟ್ಟುಕೊಳ್ಳಿ. ಕಲ್ಲಿನ ಪಕ್ಕದಿಂದ ಬಿಸಿಲನ್ನು ಓರೆಯಾಗಿ ಹೊಡೆಸಿದರೆ ಅಳಿದ ಹೆಸರು ಎದ್ದು ಬರುತ್ತದೆ. ಮೋಡ ಇದ್ದರೆ ಸಂಜೆ ಮೇಲೆ ಟಾರ್ಚು. ಹಿಟ್ಟು ಸವರುವುದು, ಶೇವಿಂಗ್ ಕ್ರೀಮ್ ಬಳಿಯುವುದು ಬೇಡವೇ ಬೇಡ. ನಾನು ಒಂದು ಕಲ್ಲಿಗೆ ಹಿಟ್ಟು ಹಚ್ಚಿ ನೋಡಿದ್ದೆ, ಮುಂದಿನ ಮಳೆಗೆ ಅಕ್ಷರದ ಒಳಗೆಲ್ಲ ಬೂಷ್ಟು. ಅಮೃತಶಿಲೆಗೆ ಆಸಿಡ್ ಹಾಕಿ ತೊಳೆದವರ ಕೆಲಸವನ್ನೂ ನೋಡಿದ್ದೇನೆ. ಅವತ್ತು ಬೆಳ್ಳಗೆ ಹೊಳೆಯುತ್ತದೆ, ಆಮೇಲೆ ಸಕ್ಕರೆಯ ಹಾಗೆ ಉದುರುತ್ತದೆ. ನೀರು, ಮೆತ್ತನೆ ಬ್ರಷ್, ತಾಳ್ಮೆ.

ಹಕ್ಕಿನ ಕಾಲಂ ಬಗ್ಗೆ ಒಂದಿಷ್ಟು. ಜನ ಜಾಗ ಕೊಂಡೆವು ಅಂದುಕೊಳ್ಳುತ್ತಾರೆ. ನಾವು ಕೊಡುವುದು ಅಲ್ಲಿ ಮಣ್ಣು ಮಾಡುವ, ಕಲ್ಲು ನಿಲ್ಲಿಸುವ ಹಕ್ಕು, ನೆಲ ಅಲ್ಲ. ಇದು ನಮ್ಮಲ್ಲಿ ಮಾತ್ರ ಅಲ್ಲ. ಪ್ಯಾರಿಸ್‌ನಲ್ಲಿ 1804ರಲ್ಲಿ ಶುರುವಾದ ಪೇರ್ ಲಾಶೇಸ್ ಸ್ಮಶಾನದಲ್ಲಿ ಹತ್ತು, ಮೂವತ್ತು, ಐವತ್ತು ವರ್ಷ ಅಂತ ಹಕ್ಕು ಕೊಡುತ್ತಾರೆ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಸ್ಮಶಾನದಲ್ಲಿ 1977ರ ಆದೇಶದ ಪ್ರಕಾರ ಒಂದು ಸಲಕ್ಕೆ ನೂರು ವರ್ಷ ದಾಟುವಂತಿಲ್ಲ. ಸಿಂಗಪುರದಲ್ಲಿ 1998ರಿಂದ ಹದಿನೈದೇ ವರ್ಷ. ಹಕ್ಕು ಕೊಡುವ ದಿನವೇ ಇದನ್ನು ಬಾಯಿಬಿಟ್ಟು ಹೇಳಿ, ಅವರ ಕೈಯಲ್ಲೇ ಒಂದು ಸಾಲು ಬರೆಸಿಕೊಳ್ಳುತ್ತೇನೆ. ಜಗಳ ಅರ್ಧಕ್ಕೆ ಇಳಿದಿದೆ.

ಇನ್ನರ್ಧ ಜಗಳ ಹಕ್ಕುದಾರ ಸತ್ತ ಮೇಲೆ ಬರುತ್ತದೆ. ಮಣ್ಣಾದವರ ಹೆಸರು ಒಂದು, ದುಡ್ಡು ಕಟ್ಟಿದವರ ಹೆಸರು ಇನ್ನೊಂದು, ಹಕ್ಕಿರುವವರದ್ದು ಮತ್ತೊಂದು. ಹಳೇ ರಿಜಿಸ್ಟರ್‌ನಲ್ಲಿ ಮೂರಕ್ಕೂ ಒಂದೇ ಕಾಲಂ! ಇಬ್ಬರು ಅಣ್ಣ ತಮ್ಮಂದಿರು ಒಂದೇ ಪತ್ರದ ಎರಡು ಜೆರಾಕ್ಸ್ ಹಿಡಿದು ನನ್ನ ಮುಂದೆ ನಿಂತಿದ್ದರು, ಹೊರಗೆ ವಾಹನ ಕಾಯುತ್ತಿತ್ತು. ಅವತ್ತು ನಾನು ಸಂಕಟಕ್ಕೆ ಕರಗಿ ಒಬ್ಬರ ಮಾತಿಗೆ ಒಪ್ಪಿದೆ. ಅದರ ಫಲ ಎರಡು ವರ್ಷ ಉಂಡೆ. ಈಗ ಮೂರು ಕಾಲಂ, ಜೊತೆಗೆ ನಾಲ್ಕನೆಯದು: ಎಷ್ಟು ಆಳ. ಒಂದರ ಮೇಲೊಂದು ಇಬ್ಬರಿಗೆ ಜಾಗ ಬೇಕಾದರೆ ಮೊದಲ ದಿನವೇ ಆಳ ತೋಡಬೇಕು, ಇಪ್ಪತ್ತು ವರ್ಷದ ನಂತರ ನೆನಪಾದರೆ ಏನೂ ಮಾಡಲಾಗಲ್ಲ. ಗುಂಡಿ ಮುಚ್ಚುವ ಮೊದಲು ಕೋಲು ಇಳಿಸಿ ಅಳೆದು ಯಜಮಾನ್ರ ಹೆಬ್ಬೆಟ್ಟು ಹಾಕಿಸುತ್ತೇನೆ.

ಕಲ್ಲಿಗೆ ಅವಸರ ಪಡುವ ಮನೆಯವರನ್ನು ತಡೆಯೋದು ಕಷ್ಟದ ಕೆಲಸ. ಮೂರಡಿ ಎತ್ತರ, ಎರಡಡಿ ಅಗಲ, ನಾಲ್ಕಿಂಚು ದಪ್ಪದ ಗ್ರಾನೈಟ್ ಅಂದರೆ ಹತ್ತಿರ ಹತ್ತಿರ ನೂರೈವತ್ತು ಕಿಲೋ. ಹೊಸ ಮಣ್ಣು ಕುಸಿಯುತ್ತಲೇ ಇರುತ್ತದೆ. ನಾನು ಆರು ಗೋರಿಗಳಿಗೆ ಸುಮ್ನೆ ಕುತೂಹಲಕ್ಕೆ ಕೋಲು ನೆಟ್ಟು ನೋಡಿದೆ. ಪದರ ಪದರವಾಗಿ ದಮ್ಮಸು ಮಾಡಿದ ಮೂರು ಮೊದಲ ಮಳೆಗಾಲದಲ್ಲಿ ನಾಲ್ಕೈದು ಇಂಚು ಇಳಿದವು, ಸುಮ್ಮನೆ ಎಳೆದು ಮುಚ್ಚಿದ ಮೂರು ಒಂದಡಿ ಹತ್ತಿರ. ಹಾಗಾಗಿ ಒಂದು ಮಳೆಗಾಲ ಕಳೆಯಲಿ ಅನ್ನುತ್ತೇನೆ. ತಡೆಯದವರಿಗೆ ತಲೆಭಾಗದ ತೋಡದ ಪಟ್ಟಿಯಲ್ಲಿ, ಇಡೀ ಸಾಲಿಗೆ ಒಂದೇ ಕಾಂಕ್ರೀಟ್ ಬೀಮ್. ಮೊದಲ ಖರ್ಚು ನೋಡಿ ಮೇಲಿನವರು ಬೈದರು. ಒಂದೊಂದಕ್ಕೆ ಬೇರೆ ಬೇರೆ ಅಡಿಪಾಯ ಹಾಕಿದ್ದಕ್ಕಿಂತ ಕೊನೆಗೆ ಮೂರರಲ್ಲಿ ಒಂದು ಭಾಗ ಕಡಿಮೆಯೇ ಆಯಿತು. ಕಲ್ಲು ಕೂರಿಸುವ ಒಳಗಿನ ಸರಳು ಸ್ಟೇನ್‌ಲೆಸ್ ಇರಲಿ. ಮಾಮೂಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ, ನಮ್ಮಲ್ಲಿ ಹಾಗೆ ಸೀಳಿದ್ದು ಒಂಬತ್ತು.

ಬೀಮ್ ಹಾಕುವಾಗಲೂ ಟೇಪೇ ಕೆಲಸಕ್ಕೆ ಬಂತು. ತೋಡದ ಪಟ್ಟಿ ಎಲ್ಲಿದೆ ಅಂತ ಹಾಳೆ ನೋಡಿ ಹೇಳಬಹುದಿತ್ತು, ಒಂದು ಗೋರಿಗೂ ತಾಗಲಿಲ್ಲ.

ಇನ್ನೂ ನಲವತ್ತೊಂದು ಗೋರಿಗಳಿಗೆ ಹೆಸರು ಸಿಕ್ಕಿಲ್ಲ. ಅಳತೆ ಇದೆ, ಗೂಟ ಇದೆ, ಕಾಲಂ ಖಾಲಿ. ಹಳೇ ಫೋಟೋ ತನ್ನಿ ಅಂತ ಗೇಟಿನ ಮೇಲೆ ಬೋರ್ಡು ಹಾಕಿದ್ದೇವೆ. ಮೊನ್ನೆ ಒಬ್ಬ ಅಜ್ಜಿ ಒಂದು ಫೋಟೋ ತಂದುಕೊಟ್ಟರು. ಹಿಂದೆ ಒಂದೇ ಕಲ್ಲು ಕಾಣುತ್ತದೆ, ಎರಡನೆಯದು ಯಾರದೋ ಛತ್ರಿಯ ಹಿಂದೆ. ಯಜಮಾನ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಕಲ್ಲು ಗೊತ್ತು ಸಾರ್, ಟೇಪು ತನ್ನಿ" ಅಂದರು.