ಆಟ ಕೊಂಡ ಮೇಲೆ ಷರತ್ತು ಬದಲಾದರೆ: ಗೇಮ್ ಕಂಪನಿಗಳ ನಿರ್ಧಾರಗಳನ್ನು ಅರಿಯುವ ಮತ್ತು ಪ್ರಶ್ನಿಸುವ ಬಗೆ

ಒಂದು ವಿಡಿಯೋ ಗೇಮ್ ಯಾವ ಕನ್ಸೋಲಿನಲ್ಲಿ (ಟಿವಿಗೆ ಜೋಡಿಸಿ ಆಡುವ ಯಂತ್ರದಲ್ಲಿ) ಬರಬೇಕು, ಯಾವ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವಾಗಬೇಕು, ಆಡುವವರು ಯಾವ ಅಕೌಂಟ್ ತೆರೆಯಬೇಕು, ಸರ್ವರ್ ಎಷ್ಟು ವರ್ಷ ನಡೆಯಬೇಕು ಎಂಬುದನ್ನೆಲ್ಲ ಅದರ ಪ್ರಕಾಶಕ ಕಂಪನಿ ದೂರದ ಯಾವುದೋ ಕಚೇರಿಯಲ್ಲಿ ತೀರ್ಮಾನಿಸುತ್ತದೆ. ಅದರ ಬಿಸಿ ಮಾತ್ರ ದಾವಣಗೆರೆಯ ಹಾಸ್ಟೆಲಿನಲ್ಲಿ ತಿಂಗಳ ಖರ್ಚಿನಲ್ಲಿ ಉಳಿಸಿ ಆಟ ಕೊಂಡ ವಿದ್ಯಾರ್ಥಿಗೂ, ಚಿತ್ರದುರ್ಗದಲ್ಲಿ ಮಗನ ಫೋನಿಗೆ ಯುಪಿಐ ಮೂಲಕ ಹಣ ಕಟ್ಟುವ ತಂದೆಗೂ ತಟ್ಟುತ್ತದೆ. ಇಂಥ ನಿರ್ಧಾರಗಳ ಹಿಂದಿನ ಲೆಕ್ಕವೇನು, ಹಣ ಕೊಡುವ ಮೊದಲು ಏನನ್ನು ನೋಡಿಕೊಳ್ಳಬೇಕು, ಅನ್ಯಾಯವಾಯಿತೆಂದು ಕಂಡಾಗ ಆಕ್ಷೇಪವನ್ನು ಎಲ್ಲಿ, ಹೇಗೆ ದಾಖಲಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಕೋಪ ಎಷ್ಟೇ ನ್ಯಾಯವಾದದ್ದಾಗಿರಲಿ, ಉತ್ತರ ಕೊಡಬೇಕಾದವರ ಮುಂದೆ, ಅವರು ಅಲ್ಲಗಳೆಯಲಾಗದ ರೂಪದಲ್ಲಿ ಅದನ್ನು ಇಟ್ಟಾಗ ಮಾತ್ರ ಫಲ ಸಿಗುತ್ತದೆಂಬುದು ಹಿಂದಿನ ಪ್ರಕರಣಗಳನ್ನು ನೋಡಿದಾಗ ನನಗೆ ಮನವರಿಕೆಯಾಗಿದೆ.

ನಿರ್ಧಾರ ಯಾರದು?

ಒಂದು ಆಟದ ಹಿಂದೆ ಸಾಮಾನ್ಯವಾಗಿ ಮೂವರು ಇರುತ್ತಾರೆ: ಆಟವನ್ನು ತಯಾರಿಸುವ ಸ್ಟುಡಿಯೋ, ಹಣ ಹಾಕಿ ಮಾರುಕಟ್ಟೆಗೆ ತರುವ ಪ್ರಕಾಶಕ ಕಂಪನಿ, ಮಾರಾಟ ಮಾಡುವ ಅಂಗಡಿ. ಹೆಲ್‌ಡೈವರ್ಸ್ 2 ಆಟವನ್ನು ತಯಾರಿಸಿದ್ದು ಸ್ವೀಡನ್ನಿನ ಆರೋಹೆಡ್ ಸ್ಟುಡಿಯೋ, ಪ್ರಕಟಿಸಿದ್ದು ಸೋನಿ, ಪಿಸಿಯಲ್ಲಿ ಮಾರಿದ್ದು ವಾಲ್ವ್ ಕಂಪನಿಯ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ. ಈ ಆಟಕ್ಕೆ ಸೋನಿ ತನ್ನ ಅಕೌಂಟ್ ಕಡ್ಡಾಯ ಮಾಡಿದ ಪ್ರಕರಣ ಮುಂದೆ ಬರುತ್ತದೆ. ಅಂಥ ಕಡೆ ಕಡ್ಡಾಯ ಮಾಡಿದವರನ್ನು ಬಿಟ್ಟು ಸ್ಟುಡಿಯೋದ ಸಾಮಾನ್ಯ ನೌಕರರನ್ನು ಬೈದರೆ ದೂರು ತಪ್ಪು ಬಾಗಿಲು ತಟ್ಟಿದಂತಾಗುತ್ತದೆ. ಕೆಲವೊಮ್ಮೆ ನಿರ್ಧಾರ ಈ ಮೂವರದೂ ಆಗಿರುವುದಿಲ್ಲ. ನಮ್ಮ ಕಡೆ ಬಹುಪಾಲು ಮಂದಿ ಫೋನಿನಲ್ಲೇ ಆಡುವವರಾದ್ದರಿಂದ ಪಬ್ಜಿ ಮೊಬೈಲ್ ಕಥೆ ಎಲ್ಲರಿಗೂ ನೆನಪಿರುತ್ತದೆ. 2020ರ ಸೆಪ್ಟೆಂಬರ್ 2ರಂದು ಅದನ್ನು ನಿಷೇಧಿಸಿದ್ದು ಕೇಂದ್ರ ಸರ್ಕಾರ. ಪಬ್ಜಿಯ ಮಾಲೀಕ ಕಂಪನಿ ಕ್ರಾಫ್ಟನ್ 2021ರ ಜುಲೈನಲ್ಲಿ ಬಿಜಿಎಂಐ ಹೆಸರಿನಲ್ಲಿ ಭಾರತಕ್ಕೆಂದೇ ಬೇರೆ ಆಟ ತಂದಿತು. 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಹಳೆಯ ಅಕೌಂಟಿನ ಸಾಮಗ್ರಿಯನ್ನು ಹೊಸ ಆಟಕ್ಕೆ ವರ್ಗಾಯಿಸಿಕೊಳ್ಳಲು ಕಂಪನಿ ಅವಕಾಶ ಕೊಟ್ಟಾಗ ಅದರ ಲಾಭ ಸಿಕ್ಕಿದ್ದು ಲಾಗಿನ್ ವಿವರ ಸರಿಯಾಗಿಟ್ಟುಕೊಂಡವರಿಗೆ. ಆದ್ದರಿಂದ ಫೋನಿನಲ್ಲಿ ಹಣ ಹಾಕಿ ಆಡುವವರು ಗೆಸ್ಟ್ ಲಾಗಿನ್‌ನಲ್ಲಿ ಉಳಿಯದೆ ತಮ್ಮದೇ ಇಮೇಲ್‌ಗೆ ಅಕೌಂಟನ್ನು ಜೋಡಿಸಿಕೊಳ್ಳಬೇಕು.

ಕಂಪನಿಯ ಲೆಕ್ಕಾಚಾರ

ಸ್ಟೀಮ್ ಸಾಮಾನ್ಯವಾಗಿ ಮಾರಾಟದ ಹಣದಲ್ಲಿ ಶೇ. 30ರಷ್ಟನ್ನು ಹಿಡಿದುಕೊಳ್ಳುತ್ತದೆ, ಮಾರಾಟ ಬಹಳ ದೊಡ್ಡದಾದರೆ ಈ ಪಾಲು ಕಡಿಮೆಯಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ಎಪಿಕ್ ಎಂಬ ಗೇಮ್ ಕಂಪನಿ ತನ್ನ ಅಂಗಡಿ ತೆರೆದಾಗ ಶೇ. 12 ಸಾಕೆಂದಿತು, ಜೊತೆಗೆ ತನ್ನಲ್ಲೇ ಮಾರುವ ಕಂಪನಿಗಳಿಗೆ ಮುಂಗಡ ಹಣವನ್ನೂ ಕೊಟ್ಟಿತು. ಪ್ರಕಾಶಕರಿಗೆ ಇದು ಲಾಭ. ಆಡುವವರಿಗೆ ಇನ್ನೊಂದು ಅಂಗಡಿ, ಇನ್ನೊಂದು ಪಾಸ್‌ವರ್ಡ್, ಬೇರೆಯಾಗಿ ಉಳಿದ ಗೆಳೆಯರ ಪಟ್ಟಿ. ಸ್ವಂತ ಅಕೌಂಟ್ ಕಡ್ಡಾಯ ಮಾಡುವುದರ ಹಿಂದೆಯೂ ಇಂಥದೇ ಲೆಕ್ಕವಿದೆ. ಅಂಗಡಿಯ ಹಂಗಿಲ್ಲದೆ ಗ್ರಾಹಕರನ್ನು ನೇರವಾಗಿ ತಲುಪುವ ದಾರಿ ಅದರಿಂದ ತೆರೆಯುತ್ತದೆ.

ಒಂದೇ ಕನ್ಸೋಲಿಗೆ ಆಟವನ್ನು ಮೀಸಲಿಡುವ ಪದ್ಧತಿ ಈಗ ಸಡಿಲವಾಗುತ್ತಿದೆ. ದೊಡ್ಡ ಆಟಗಳ ನಿರ್ಮಾಣ ವೆಚ್ಚ ಒಂದೇ ಯಂತ್ರದ ಗಿರಾಕಿಗಳಿಂದ ಹುಟ್ಟುವುದು ಕಷ್ಟವಾಗಿದೆ. 2024ರ ಫೆಬ್ರವರಿಯಲ್ಲಿ ಎಕ್ಸ್‌ಬಾಕ್ಸ್ ಕನ್ಸೋಲ್ ತಯಾರಿಸುವ ಮೈಕ್ರೋಸಾಫ್ಟ್ ತನ್ನ ನಾಲ್ಕು ಆಟಗಳನ್ನು ಬೇರೆ ಕನ್ಸೋಲ್‌ಗಳಿಗೂ ಕೊಡುವುದಾಗಿ ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿ ಬಹು ವೇದಿಕೆಗಳ ನೀತಿಯನ್ನು ಪ್ರಕಟಿಸಿತು. ಒಂದು ಕನ್ಸೋಲನ್ನೇ ನೆಚ್ಚಿ ದುಡ್ಡು ಹಾಕಿದವರಲ್ಲಿ ಹಲವರು ಇದನ್ನು ನಂಬಿಕೆದ್ರೋಹವೆಂದು ಕರೆದರು. ಈ ಅಸಮಾಧಾನಕ್ಕೆ ನನ್ನ ಸಹಮತವಿಲ್ಲ. ಕನ್ಸೋಲ್ ಕೊಳ್ಳುವ ಶಕ್ತಿ ಕೆಲವರಿಗಷ್ಟೇ ಇರುವ ನಮ್ಮಂಥ ಊರುಗಳಲ್ಲಿ ಒಂದು ಆಟ ಹೆಚ್ಚು ಕಡೆ ಸಿಗುವುದರಿಂದ ಯಾರಿಗೂ ನಷ್ಟವಿಲ್ಲ. ಹಣ ಕೊಟ್ಟು ಕೊಂಡದ್ದನ್ನು ಯಾರೂ ಕಿತ್ತುಕೊಂಡಿರುವುದಿಲ್ಲ. ಕೊಂಡ ಮೇಲೆ ಷರತ್ತು ಬದಲಿಸುವುದು ಬೇರೆಯದೇ ಮಾತು.

ಹಣ ಕೊಡುವ ಮೊದಲು

ನಮ್ಮಲ್ಲಿ ಸೈಟು ಕೊಳ್ಳುವವರು ಖಾತೆಯನ್ನೂ ಇಸಿಯನ್ನೂ ನೋಡದೆ ಮುಂಗಡ ಕೊಡುವುದಿಲ್ಲ. ಆಟದ ಮಾರಾಟ ಪುಟವನ್ನೂ ಅಷ್ಟೇ ಎಚ್ಚರದಿಂದ ಓದಬೇಕು. ಸ್ಟೀಮ್ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲರ ಕಣ್ಣೂ ಮೇಲಿನ ಟ್ರೇಲರ್ ಮತ್ತು ಬೆಲೆಯ ಮೇಲೆ ನಿಲ್ಲುತ್ತದೆ. ನೀವು ನೋಡಬೇಕಾದದ್ದು ಬಲಗಡೆಯ ಕಿರಿದಾದ ಕಂಬಸಾಲು. ಒಬ್ಬರೇ ಆಡಬಹುದೇ ಅಥವಾ ಆನ್‌ಲೈನ್ ಮಾತ್ರವೇ ಎಂಬ ವಿವರದ ಕೆಳಗೆ, ಹೊರಗಿನ ಅಕೌಂಟ್ ಬೇಕೇ, ನಕಲು ತಡೆಯುವ ಡಿಆರ್‌ಎಂ ತಂತ್ರಾಂಶ ಇದೆಯೇ, ಮೋಸದಾಟ ತಡೆಯುವ ಆಂಟಿ-ಚೀಟ್ ತಂತ್ರಾಂಶ ಕಂಪ್ಯೂಟರಿನ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮಟ್ಟದಲ್ಲಿ ಕೂರುತ್ತದೆಯೇ ಎಂಬ ಸೂಚನೆಗಳು ಸಣ್ಣ ಚೌಕಗಳಲ್ಲಿರುತ್ತವೆ. ಕೊಳ್ಳುವ ದಿನ ಈ ಭಾಗದ ಸ್ಕ್ರೀನ್‌ಶಾಟ್ ತೆಗೆದು ಬಿಲ್ಲಿನ ಇಮೇಲ್ ಜೊತೆ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಷರತ್ತು ಆಮೇಲೆ ಬದಲಾಯಿತು ಎಂದು ವಾದಿಸುವಾಗ ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷ್ಯ ಇದೇ.

ಇದು ಅತಿಯಾದ ಎಚ್ಚರವಲ್ಲ ಎಂಬುದಕ್ಕೆ ಹೆಲ್‌ಡೈವರ್ಸ್ 2 ಪ್ರಕರಣವೇ ನಿದರ್ಶನ. 2024ರ ಫೆಬ್ರವರಿಯಲ್ಲಿ ಆಟ ಬಿಡುಗಡೆಯಾದಾಗ ಸೋನಿಯ ಪ್ಲೇಸ್ಟೇಷನ್ ನೆಟ್‌ವರ್ಕ್ ಅಕೌಂಟ್ ಬೇಕೆಂಬ ಸೂಚನೆ ಸ್ಟೀಮ್ ಪುಟದಲ್ಲಿ ಇತ್ತು. ಆದರೆ ತಾಂತ್ರಿಕ ತೊಂದರೆಯ ಕಾರಣ ಆ ಹಂತವನ್ನು ದಾಟಿ ಹೋಗಲು ಬಿಟ್ಟಿದ್ದರು. ಮೇ 3ರಂದು ಸೋನಿ ಅದನ್ನು ಕಡ್ಡಾಯವೆಂದು ಘೋಷಿಸಿತು. ಪ್ಲೇಸ್ಟೇಷನ್ ಸೇವೆಯೇ ಇಲ್ಲದ ನೂರಕ್ಕೂ ಹೆಚ್ಚು ದೇಶಗಳಲ್ಲಿಯೂ ಆಟವನ್ನು ಮಾರಲಾಗಿತ್ತು. ಅಲ್ಲಿಯವರು ನಿಯಮದಂತೆ ಅಕೌಂಟ್ ತೆರೆಯಲು ಸಾಧ್ಯವೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನಕಾರಾತ್ಮಕ ರಿವ್ಯೂಗಳು ಬಿದ್ದವು, ಮತ್ತು ಮೇ 6ರಂದು ಸೋನಿ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಭಾರತದಲ್ಲಿ ಆ ಸೇವೆ ಇದ್ದುದರಿಂದ ನಮ್ಮವರು ಅಕೌಂಟ್ ತೆರೆದು ಸುಮ್ಮನಿರಬಹುದಿತ್ತು. ಆದರೂ ಬೇರೆ ದೇಶಗಳ ಆಟಗಾರರ ಪರವಾಗಿ ದನಿಗೂಡಿಸಿದವರ ಬಗ್ಗೆ ನನಗೆ ಗೌರವವಿದೆ. ಹಿಂತೆಗೆದುಕೊಂಡ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ ಎಂಬುದನ್ನೂ ಹೇಳಬೇಕು: ಸೇವೆಯಿಲ್ಲದ ಆ ದೇಶಗಳಲ್ಲಿ ಈ ನಡುವೆ ಮಾರಾಟ ನಿಂತಿದ್ದ ಆಟ ಕೂಡಲೇ ಮಾರಾಟಕ್ಕೆ ಮರಳಲಿಲ್ಲ.

ಕಾಲೇಜಿನ ಬಳಿಯ ಗೇಮಿಂಗ್ ಕೆಫೆಗಳಲ್ಲಿ ಆಡುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಪ್ರಕಾಶಕರ ಅಕೌಂಟನ್ನು ಸ್ಟೀಮ್‌ಗೆ ಜೋಡಿಸುವ ಕೆಲಸವನ್ನು ಹಂಚಿಕೊಂಡು ಬಳಸುವ ಕಂಪ್ಯೂಟರಿನಲ್ಲಿ ಮಾಡಬೇಡಿ, ಏಕೆಂದರೆ ಒಮ್ಮೆ ಬೇರೆಯವರ ಅಕೌಂಟಿಗೆ ಜೋಡಣೆಯಾದರೆ ಅದನ್ನು ಬಿಡಿಸಿಕೊಳ್ಳಲು ಕಂಪನಿಯ ಸಹಾಯ ವಿಭಾಗವನ್ನೇ ಕಾಯಬೇಕಾಗಬಹುದು.

ಹಣ ಮರಳಿ ಪಡೆಯುವ ಅವಧಿ

ಸ್ಟೀಮ್‌ನಲ್ಲಿ ಕೊಂಡ 14 ದಿನಗಳ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ ರಿಫಂಡ್ ಕೇಳಬಹುದು. ಆದ್ದರಿಂದ ಮೊದಲ ಎರಡು ಗಂಟೆಯೊಳಗೇ ಆಟವನ್ನೊಮ್ಮೆ ಮುಚ್ಚಿ, ಇಂಟರ್ನೆಟ್ ತೆಗೆದು, ಮತ್ತೆ ತೆರೆದು, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆಯೇ ಎಂದು ನೋಡಿ. ಗೂಗಲ್ ಪ್ಲೇನಲ್ಲಿ 48 ಗಂಟೆಗಳ ಒಳಗಾದರೆ ಗೂಗಲ್‌ಗೇ ಮನವಿ ಕೊಡಬಹುದು. ಅನಂತರ ಸಾಮಾನ್ಯವಾಗಿ ಆಟದ ಕಂಪನಿಯನ್ನೇ ಕೇಳಬೇಕಾಗುತ್ತದೆ.

ತಿಂಗಳ ಚಂದಾ ವಿಷಯದಲ್ಲಿ ಮನೆಯವರು ಹೆಚ್ಚು ಎಚ್ಚರವಾಗಿರಬೇಕು. ಚಂದಾ ದರಗಳು ಒಮ್ಮೆಲೇ ಏರುವುದುಂಟು: 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ಪಾಸ್ ಅಲ್ಟಿಮೇಟ್ ದರವನ್ನು ಅಮೆರಿಕದಲ್ಲಿ 19.99 ಡಾಲರಿನಿಂದ 29.99 ಡಾಲರಿಗೆ ಏರಿಸಿತು. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ತಾನಾಗಿ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಬರಬೇಕು. ಆ ಸಂದೇಶವನ್ನು ಜಾಹೀರಾತೆಂದು ಅಳಿಸಿಹಾಕದೆ ಓದಿ. ಯುಪಿಐ ಆ್ಯಪ್‌ನ ಆಟೋಪೇ ಪುಟಕ್ಕೆ ಹೋಗಿ, ಅನುಮತಿಯ ಗರಿಷ್ಠ ಮೊತ್ತ ಎಷ್ಟಿದೆ ಎಂದು ನೋಡಿ, ಬೇಡವಾದರೆ ಅಲ್ಲಿಯೇ ರದ್ದು ಮಾಡಿ.

ಪ್ರತಿಭಟನೆ ಯಾವಾಗ ಫಲ ಕೊಟ್ಟಿದೆ?

2013ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್ ಒನ್ ಕನ್ಸೋಲು 24 ಗಂಟೆಗೊಮ್ಮೆ ಇಂಟರ್ನೆಟ್‌ಗೆ ಸೇರಲೇಬೇಕು, ಬಳಸಿದ ಆಟಗಳ ಮರುಮಾರಾಟಕ್ಕೆ ಮಿತಿ ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದಾಗ, ಯಂತ್ರ ಮಾರುಕಟ್ಟೆಗೆ ಬರುವ ಮೊದಲೇ ಎದ್ದ ವಿರೋಧದಿಂದ ಅದೇ ತಿಂಗಳು ನಿಯಮ ಕೈಬಿಡಬೇಕಾಯಿತು. 2017ರ ನವೆಂಬರ್‌ನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟದ ಲೂಟ್ ಬಾಕ್ಸ್‌ಗಳ (ಒಳಗೇನಿದೆಯೆಂದು ತಿಳಿಯದೆ ತೆರೆಯುವ ಪೆಟ್ಟಿಗೆಗಳ) ವಿಷಯದಲ್ಲೂ ಹಾಗೇ ಆಯಿತು. ಒಬ್ಬ ಮುಖ್ಯ ಪಾತ್ರವನ್ನು ಪಡೆಯಲು ಎಷ್ಟು ಗಂಟೆ ಆಡಬೇಕಾಗುತ್ತದೆಂದು ಆಟಗಾರರು ಲೆಕ್ಕ ಹಾಕಿ ತೋರಿಸಿದ್ದರು, ಮತ್ತು ಇಎ ಕಂಪನಿ ಬಿಡುಗಡೆಯ ಹೊಸ್ತಿಲಲ್ಲೇ ಆಟದೊಳಗಿನ ಖರೀದಿಯನ್ನು ನಿಲ್ಲಿಸಿತು. 2023ರ ಸೆಪ್ಟೆಂಬರ್‌ನಲ್ಲಿ, ಆಟ ತಯಾರಿಸುವ ತಂತ್ರಾಂಶ ಒದಗಿಸುವ ಯೂನಿಟಿ ಕಂಪನಿ ಆಟದ ಪ್ರತಿ ಇನ್‌ಸ್ಟಾಲಿಗೂ ಶುಲ್ಕ ಹೇರಲು ಹೊರಟಾಗ ತಿರುಗಿ ನಿಂತವರು ಆಟ ತಯಾರಿಸುವವರೇ. ಒಂದು ವರ್ಷದ ನಂತರ ಆ ಶುಲ್ಕ ಪೂರ್ತಿ ರದ್ದಾಯಿತು. ಈ ಎಲ್ಲ ಪ್ರಕರಣಗಳಲ್ಲೂ ತೊಂದರೆ ಏನೆಂಬುದು ಒಂದೇ ವಾಕ್ಯದಲ್ಲಿ ಹೇಳುವಷ್ಟು ಸ್ಪಷ್ಟವಾಗಿತ್ತು, ಬೇಡಿಕೆ ಒಂದೇ ಆಗಿತ್ತು.

ಮೆಟ್ರೋ ಎಕ್ಸೊಡಸ್ ವಿಷಯದಲ್ಲಿ ಹೀಗಾಗಲಿಲ್ಲ. 2019ರ ಫೆಬ್ರವರಿಯಲ್ಲಿ ಬರಬೇಕಿದ್ದ ಆ ಆಟವನ್ನು ಕೆಲವೇ ವಾರಗಳ ಮೊದಲು ಸ್ಟೀಮ್‌ನಿಂದ ಎಪಿಕ್ ಅಂಗಡಿಗೆ ಸ್ಥಳಾಂತರಿಸಿದಾಗ, ಸಿಟ್ಟಿಗೆದ್ದವರು ಅದೇ ಸರಣಿಯ ಹಳೆಯ ಆಟಗಳ ಪುಟಗಳಲ್ಲಿ ಕೆಟ್ಟ ರಿವ್ಯೂ ಬರೆದರು. ಹಳೆಯ ಆಟಗಳಲ್ಲಿ ಯಾವ ದೋಷವೂ ಇರಲಿಲ್ಲ. ಎಪಿಕ್ ಜೊತೆಗಿನ ಒಪ್ಪಂದ ಕದಲಲಿಲ್ಲ, ಒಂದು ವರ್ಷದ ನಂತರವೇ ಆಟ ಸ್ಟೀಮ್‌ಗೆ ಬಂತು. ಆಟದ ವಿಷಯಕ್ಕೆ ಸಂಬಂಧಿಸದ ರಿವ್ಯೂಗಳ ಅಲೆಯನ್ನು ಗುರುತಿಸಿ ಅವನ್ನು ಒಟ್ಟು ಅಂಕದಿಂದ ಹೊರಗಿಡುವ ಕ್ರಮವನ್ನೂ ಸ್ಟೀಮ್ 2019ರ ಮಾರ್ಚ್‌ನಲ್ಲಿ ತಂದಿತು. ಸಂಬಂಧವಿಲ್ಲದ ಪುಟದಲ್ಲಿ ಬರೆದ ನಿಮ್ಮ ರಿವ್ಯೂ ಲೆಕ್ಕಕ್ಕೇ ಬರದೆ ಹೋಗಬಹುದು.

ರಿವ್ಯೂ ಬರೆಯುವಾಗ ಕೊಂಡ ಕಾಲ, ಆಡಿದ ಅವಧಿ, ಬದಲಾದ ಷರತ್ತು, ನಿಮ್ಮ ಬೇಡಿಕೆ ಇಷ್ಟನ್ನೇ ಹೇಳಿ. ಕಂಪನಿಯವರಿಗೆ ನೇರವಾಗಿ ತಲುಪಲು ಇಂಗ್ಲಿಷಿನಲ್ಲಿ ಬರೆಯುವುದು ಅನುಕೂಲ, ಮಾದರಿಯನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ: “ಈ ಆಟವನ್ನು ಮಾರ್ಚ್‌ನಲ್ಲಿ ಪೂರ್ಣ ಬೆಲೆ ಕೊಟ್ಟು ಕೊಂಡಿದ್ದೇನೆ, 60 ಗಂಟೆ ಆಡಿದ್ದೇನೆ, ಆಟ ಚೆನ್ನಾಗಿದೆ. ಕೊಂಡಾಗ ಬೇಕಿಲ್ಲದಿದ್ದ ಎರಡನೆಯ ಅಕೌಂಟನ್ನು ಈಗ ಕಡ್ಡಾಯ ಮಾಡಿದ್ದೀರಿ. ಅದನ್ನು ಐಚ್ಛಿಕವಾಗಿ ಉಳಿಸಿ, ಇಲ್ಲವೇ ಹಣ ಮರಳಿಸಿ. ಷರತ್ತನ್ನು ಹಿಂತೆಗೆದ ದಿನ ಈ ರಿವ್ಯೂವನ್ನು ಬದಲಿಸುತ್ತೇನೆ.” ಕೊನೆಯ ವಾಕ್ಯವನ್ನು ಬಿಡಬೇಡಿ, ಮತ್ತು ಕೊಟ್ಟ ಮಾತಿನಂತೆ ಬದಲಿಸಿ. ಬೆದರಿಕೆ, ಬೈಗುಳ, ನೌಕರರ ಹೆಸರು ಹಿಡಿದು ನಿಂದಿಸುವುದು ತಪ್ಪು. ನಿರ್ಧಾರದಲ್ಲಿ ಪಾತ್ರವೇ ಇಲ್ಲದ ಸಂಬಳದ ನೌಕರರು ಅದನ್ನು ಓದಬೇಕಾಗುತ್ತದೆ, ಅದು ಕ್ರೌರ್ಯ.

ಸರ್ವರ್ ಮುಚ್ಚುವ ಪ್ರಕಟಣೆ ಬಂದರೆ

ಯೂಬಿಸಾಫ್ಟ್ 2014ರಲ್ಲಿ ಬಿಡುಗಡೆ ಮಾಡಿದ ದಿ ಕ್ರೂ ಎಂಬ ಕಾರ್ ರೇಸಿಂಗ್ ಆಟದ ಸರ್ವರನ್ನು 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬರೇ ಆಡಲೂ ಸರ್ವರ್ ಬೇಕಿದ್ದುದರಿಂದ ಹಣ ಕೊಟ್ಟವರ ಬಳಿ ಏನೂ ಉಳಿಯಲಿಲ್ಲ. ಇದರ ಬೆನ್ನಲ್ಲೇ ಯೂಟ್ಯೂಬರ್ ರಾಸ್ ಸ್ಕಾಟ್ ಆರಂಭಿಸಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನಕ್ಕೆ ಯುರೋಪಿನಲ್ಲಿ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಆ ಮನವಿಗೆ ಸಹಿ ಹಾಕುವ ಅಧಿಕಾರ ಯುರೋಪಿಯನ್ ಒಕ್ಕೂಟದ ನಾಗರಿಕರಿಗೆ ಮಾತ್ರ ಇದ್ದುದರಿಂದ ನಾವು ನಮ್ಮ ಕಾನೂನಿನ ದಾರಿ ಹಿಡಿಯಬೇಕು. ಪ್ರಕಟಣೆ ಬಂದ ದಿನವೇ ಆಟದೊಳಗಿನ ಖರೀದಿ ನಿಲ್ಲಿಸಿ, ಉಳಿದ ವರ್ಚುವಲ್ ಹಣದ ಸ್ಕ್ರೀನ್‌ಶಾಟ್ ತೆಗೆದಿಡಿ. ಮೊದಲೇ ಮುನ್ನೆಚ್ಚರಿಕೆ ಬೇಕೆನ್ನುವವರು ಡಿಆರ್‌ಎಂ ಇಲ್ಲದೆ ಮಾರುವ ಜಿಒಜಿ ಅಂಗಡಿಯಲ್ಲಿ ಕೊಂಡು, ಇನ್‌ಸ್ಟಾಲರ್ ಫೈಲನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು.

ಇಲ್ಲಿಂದಲೇ ದೂರು ಕೊಡುವುದು

ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ಕಂಪನಿಗಳಿಗೂ ಅನ್ವಯಿಸುತ್ತವೆ. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರನ್ನು ಸ್ವೀಕರಿಸಿದ್ದಕ್ಕೆ ಉತ್ತರಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆದ್ದರಿಂದ ಮೊದಲ ದೂರು ಅಂಗಡಿಗೂ ಪ್ರಕಾಶಕರಿಗೂ ಇಮೇಲ್ ಅಥವಾ ಟಿಕೆಟ್ ರೂಪದಲ್ಲಿ ಲಿಖಿತವಾಗಿ ಹೋಗಲಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಚಂದಾ ರದ್ದು ಮಾಡಲು ಬಿಡದೆ ಸುತ್ತಾಡಿಸುವುದು, ಬೆಲೆಯ ಒಂದು ಭಾಗವನ್ನು ಕೊನೆಯ ಪುಟದಲ್ಲಷ್ಟೇ ತೋರಿಸುವುದು, ಬೇಡದ್ದನ್ನು ಬಲವಂತವಾಗಿ ಮಾಡಿಸುವುದು ಇವೆಲ್ಲ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ ಹೆಸರಿಸಿರುವ 13 ಬಗೆಗಳಲ್ಲಿ ಸೇರಿವೆ. ನಿಮ್ಮ ದೂರು ಇವುಗಳಲ್ಲಿ ಯಾವುದಕ್ಕೆ ಹೊಂದುತ್ತದೆಯೋ ಅದರ ಹೆಸರನ್ನೇ ಹೇಳಿ.

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ವ್ಯಾಪ್ತಿಯಲ್ಲೇ ದೂರು ಸಲ್ಲಿಸಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದ ಕಾರಣ ಹರಿಹರ, ಜಗಳೂರು, ಚನ್ನಗಿರಿ ಕಡೆಯವರು ದಾವಣಗೆರೆಗೂ, ಚಳ್ಳಕೆರೆ, ಹಿರಿಯೂರು, ಹೊಸದುರ್ಗದವರು ಚಿತ್ರದುರ್ಗಕ್ಕೂ ಹೋಗಬೇಕು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ವಿದೇಶಿ ಕಂಪನಿಗೆ ನೋಟಿಸ್ ತಲುಪಿಸುವುದು ನಿಧಾನದ ಕೆಲಸವಾದ್ದರಿಂದ, ಹಣ ಪಡೆದ ಸಂಸ್ಥೆಗೆ ಭಾರತದಲ್ಲಿ ಕಚೇರಿ ಇದ್ದರೆ ಅದನ್ನೂ ಎದುರುದಾರರಾಗಿ ಸೇರಿಸಿ. ಆಡುವವರು 18 ತುಂಬದವರಾಗಿದ್ದರೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ದೂರು ಹೋಗಲಿ. ಬಿಲ್ಲು, ಕೊಂಡ ದಿನದ ಸ್ಕ್ರೀನ್‌ಶಾಟ್, ಬದಲಾದ ಷರತ್ತಿನ ಪ್ರಕಟಣೆ, ನಿಮ್ಮ ಇಮೇಲ್ ಮತ್ತು ಕಂಪನಿಯ ಉತ್ತರ ಇವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಲಗತ್ತಿಸಿ. ತೊಂದರೆ ಉಂಟಾದ ದಿನದಿಂದ ಎರಡು ವರ್ಷಗಳ ಒಳಗೆ ದೂರು ದಾಖಲಾಗಬೇಕು.